ಎಸ್. ಎಸ್. ವಾಸನ್: ಕಥೆಯ ಆಯ್ಕೆ ಮತ್ತು ಮಾರುಕಟ್ಟೆಯ ವಿವೇಕ

ಸಾಹಿತ್ಯ ಮತ್ತು ಸಿನಿಮಾಗಳ ಸಂಬಂಧವನ್ನು ಕುರಿತು ಕನ್ನಡದಲ್ಲಿ ನಡೆದಿರುವ ಚರ್ಚೆಗಳು ಬಹುಮಟ್ಟಿಗೆ ರೂಪಾಂತರದ ಪ್ರಶ್ನೆಯನ್ನು ಕೇಂದ್ರವಾಗಿರಿಸಿಕೊಂಡಿವೆ. ಕಾದಂಬರಿಯೊಂದು ತೆರೆಗೆ ಬಂದಾಗ ಏನನ್ನು ಕಳೆದುಕೊಂಡಿತು, ಏನನ್ನು ಪಡೆದುಕೊಂಡಿತು ಎಂಬುದು ಅಂತಹ ಚರ್ಚೆಗಳ ಮುಖ್ಯ ಕಾಳಜಿ. ಆದರೆ ರೂಪಾಂತರಕ್ಕೂ ಮೊದಲು ನಡೆಯುವ ಇನ್ನೊಂದು ಕ್ರಿಯೆಯಿದೆ. ನೂರಾರು ಕಥೆಗಳ ನಡುವೆ ಒಂದನ್ನು ಆರಿಸಿ, ಅದಕ್ಕೆ ಹಣ ಹೂಡಬಹುದೆಂದು ತೀರ್ಮಾನಿಸುವ ಕ್ರಿಯೆ ಅದು. ಈ ತೀರ್ಮಾನವನ್ನು ಯಾರು ಮಾಡುತ್ತಾರೆ, ಯಾವ ಆಧಾರದ ಮೇಲೆ ಮಾಡುತ್ತಾರೆ ಎಂಬ ಪ್ರಶ್ನೆ ಸಾಹಿತ್ಯ ವಿಮರ್ಶೆಯ ಹೊರಗೇ ಉಳಿದಿದೆ. ವ್ಯಾಪಾರದ ಲೆಕ್ಕಾಚಾರವೆಂದು ಅದನ್ನು ಬದಿಗಿರಿಸುವ ರೂಢಿಯೂ ಇದೆ. ಆದರೆ ಯಾವ ಕಥೆ ಜನರನ್ನು ತಲುಪಬೇಕು, ಯಾವುದು ಕಾಗದದಲ್ಲಿಯೇ ಉಳಿಯಬೇಕು ಎಂಬುದನ್ನು ನಿರ್ಧರಿಸುವ ಈ ಘಟ್ಟ ಸಾಂಸ್ಕೃತಿಕವಾಗಿ ಉಪೇಕ್ಷಣೀಯವಲ್ಲ. ದಕ್ಷಿಣ ಭಾರತದ ಸಂದರ್ಭದಲ್ಲಿ ಈ ಘಟ್ಟವನ್ನು ಒಂದು ವ್ಯವಸ್ಥೆಯಾಗಿ ರೂಪಿಸಿದವರಲ್ಲಿ ಮದರಾಸಿನ ಜೆಮಿನಿ ಸ್ಟುಡಿಯೋದ ಒಡೆಯರಾಗಿದ್ದ ಎಸ್. ಎಸ್. ವಾಸನ್ ಪ್ರಮುಖರು. ಅವರ ಜೀವನವನ್ನು ಈ ದೃಷ್ಟಿಯಿಂದ ಪರಿಶೀಲಿಸಿದಾಗ ಕಥೆ, ಕಥೆಗಾರ ಮತ್ತು ಪ್ರೇಕ್ಷಕ ಇವರ ನಡುವಿನ ಸಂಬಂಧದ ಕೆಲವು ಮೂಲಭೂತ ಸಂಗತಿಗಳು ಸ್ಪಷ್ಟವಾಗುತ್ತವೆ.

೧

ವಾಸನ್ ಹುಟ್ಟಿದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ತಂಜಾವೂರು ಜಿಲ್ಲೆಗೆ ಸೇರಿದ್ದ ತಿರುತ್ತುರೈಪೂಂಡಿಯಲ್ಲಿ. ಅವರ ಪೂರ್ಣ ಹೆಸರು ಶ್ರೀನಿವಾಸನ್. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ತಾಯಿಯೊಂದಿಗೆ ಮದರಾಸಿಗೆ ಬಂದರು. ಪಚ್ಚೈಯಪ್ಪ ಕಾಲೇಜಿಗೆ ಸೇರಿದರಾದರೂ ವ್ಯಾಸಂಗ ಪೂರ್ಣಗೊಳ್ಳಲಿಲ್ಲ. ಜೀವನೋಪಾಯಕ್ಕಾಗಿ ಅವರು ಕೈಗೊಂಡ ಕೆಲಸಗಳಲ್ಲಿ ಪತ್ರಿಕೆಗಳಿಗೆ ಜಾಹೀರಾತು ಸಂಗ್ರಹಿಸಿಕೊಡುವುದು ಮುಖ್ಯವಾದುದು. ಸಾಹಿತ್ಯದ ಲೋಕವನ್ನು ಅವರು ಪ್ರವೇಶಿಸಿದ್ದು ಬರಹದ ಬಾಗಿಲಿನಿಂದಲ್ಲ, ಜಾಹೀರಾತಿನ ಬಾಗಿಲಿನಿಂದ ಎಂಬುದು ಅವರ ಮುಂದಿನ ಬದುಕನ್ನು ಅರ್ಥಮಾಡಿಕೊಳ್ಳುವಲ್ಲಿ ಗಮನಾರ್ಹ. ಜಾಹೀರಾತು ಸಂಗ್ರಹಿಸುವವನಿಗೆ ಪತ್ರಿಕೆಯನ್ನು ಯಾರು ಓದುತ್ತಾರೆ, ಎಷ್ಟು ಮಂದಿ ಓದುತ್ತಾರೆ, ಓದಿದವರು ಏನನ್ನು ಕೊಳ್ಳುತ್ತಾರೆ ಎಂಬ ತಿಳಿವಳಿಕೆ ಅನಿವಾರ್ಯ. ಓದುಗನನ್ನು ಎಣಿಸಿ ನೋಡುವ ಈ ಅಭ್ಯಾಸ ವಾಸನ್‌ರಲ್ಲಿ ಕೊನೆಯವರೆಗೂ ಉಳಿಯಿತು.

ಬೂದೂರು ವೈದ್ಯನಾಥ ಅಯ್ಯರ್ ೧೯೨೬ರಲ್ಲಿ ಆರಂಭಿಸಿದ್ದ ‘ಆನಂದ ವಿಕಟನ್’ ಎಂಬ ತಮಿಳು ಹಾಸ್ಯ ಪತ್ರಿಕೆ ನಿಂತುಹೋಗುವ ಸ್ಥಿತಿಯಲ್ಲಿದ್ದಾಗ, ೧೯೨೮ರಲ್ಲಿ, ವಾಸನ್ ಅದನ್ನು ಕೊಂಡರು. ತಮಿಳು ಲಿಪಿಯಲ್ಲಿ ಎಂಟು ಅಕ್ಷರಗಳಿರುವ ಆ ಹೆಸರಿಗೆ ಅಕ್ಷರಕ್ಕೆ ಇಪ್ಪತ್ತೈದು ರೂಪಾಯಿಯಂತೆ ೨೦೦ ರೂಪಾಯಿ ತೆತ್ತರೆಂಬ ಪ್ರತೀತಿ ಇದೆ. ಹಾಸ್ಯ, ಧಾರಾವಾಹಿ, ಚಿತ್ರ ಹಾಗೂ ಬಹುಮಾನದ ಪದಬಂಧ ಸ್ಪರ್ಧೆಗಳ ಮೂಲಕ ಪತ್ರಿಕೆಯ ಪ್ರಸಾರ ಬಹುವಾಗಿ ಹೆಚ್ಚಿತು. ಮುಂದೆ ತಮಿಳಿನ ಮಹತ್ವದ ಕಾದಂಬರಿಕಾರರೆನಿಸಿದ ಕಲ್ಕಿ ಕೃಷ್ಣಮೂರ್ತಿಯವರು ಈ ಪತ್ರಿಕೆಯಲ್ಲಿ ಬೆಳೆದು, ೧೯೪೧ರಲ್ಲಿ ತಮ್ಮದೇ ಪತ್ರಿಕೆಯನ್ನು ಆರಂಭಿಸಿದರು. ವಾರದಿಂದ ವಾರಕ್ಕೆ ಓದುಗರ ಪ್ರತಿಕ್ರಿಯೆಯನ್ನು ಅಳೆಯಲು ಅವಕಾಶವಿದ್ದ ಧಾರಾವಾಹಿ ಪ್ರಕಾರವು ವಾಸನ್‌ರಿಗೆ ಕಥೆಯ ಜನಪ್ರಿಯತೆಯನ್ನು ಕುರಿತ ಮೊದಲ ಪಾಠಶಾಲೆಯಾಯಿತು.

೨

ವಾಸನ್ ಸ್ವತಃ ಕಥೆಗಾರರೂ ಆಗಿದ್ದರು. ‘ಆನಂದ ವಿಕಟನ್’ನಲ್ಲಿ ಧಾರಾವಾಹಿಯಾಗಿ ಬಂದ ಅವರ ‘ಸತಿ ಲೀಲಾವತಿ’ ಕಾದಂಬರಿ ೧೯೩೬ರಲ್ಲಿ ಎಲ್ಲಿಸ್ ಆರ್. ಡಂಗನ್ ನಿರ್ದೇಶನದಲ್ಲಿ ಚಲನಚಿತ್ರವಾಯಿತು. ಮದ್ಯಪಾನದಿಂದ ಹಾಳಾಗುವ ಸಂಸಾರವೊಂದರ ಕಥೆ ಇದು. ಎಂ. ಕೆ. ರಾಧಾ ನಾಯಕನಾಗಿದ್ದ ಈ ಚಿತ್ರದ ಸಣ್ಣ ಪಾತ್ರವೊಂದರಲ್ಲಿ ಎಂ. ಜಿ. ರಾಮಚಂದ್ರನ್ ಮೊದಲ ಬಾರಿಗೆ ತೆರೆಯ ಮೇಲೆ ಕಾಣಿಸಿಕೊಂಡರು. ಚಿತ್ರದ ಕಥೆ ‘ಪತಿಭಕ್ತಿ’ ಎಂಬ ಜನಪ್ರಿಯ ರಂಗನಾಟಕವನ್ನು ಹೋಲುತ್ತದೆಂಬ ಆಕ್ಷೇಪ ನ್ಯಾಯಾಲಯದ ಮೆಟ್ಟಿಲೇರಿತು. ತಮ್ಮ ಕಾದಂಬರಿಯೂ ಆ ನಾಟಕವೂ ಎಲೆನ್ ವುಡ್ ಎಂಬ ಆಂಗ್ಲ ಲೇಖಕಿಯ ‘ಡೇನ್ಸ್‌ಬರಿ ಹೌಸ್’ ಕಾದಂಬರಿಯಿಂದ ಹುಟ್ಟಿದವೆಂದು ವಾಸನ್ ಸಾಕ್ಷ್ಯ ನುಡಿದ ಮೇಲೆ ವಿವಾದ ಬಗೆಹರಿಯಿತು.

ಈ ಪ್ರಸಂಗವನ್ನು ಕೇವಲ ಕೃತಿಚೌರ್ಯದ ಪ್ರಶ್ನೆಯಾಗಿ ನೋಡುವುದು ಸುಲಭ. ಆದರೆ ಅದರಲ್ಲಿ ಅಂದಿನ ಕಥಾ ಮಾರುಕಟ್ಟೆಯ ಸ್ವರೂಪವೇ ಅಡಗಿದೆ. ವಿಕ್ಟೋರಿಯಾ ಯುಗದ ಇಂಗ್ಲಿಷ್ ಜನಪ್ರಿಯ ಕಾದಂಬರಿ, ತಮಿಳಿನ ವೃತ್ತಿ ರಂಗಭೂಮಿ, ವಾರಪತ್ರಿಕೆಯ ಧಾರಾವಾಹಿ ಮತ್ತು ಸಿನಿಮಾ ಇವು ಒಂದೇ ಕಥೆಯನ್ನು ಒಂದರಿಂದ ಒಂದು ಪಡೆಯುತ್ತಿದ್ದವು. ಪ್ರತಿಯೊಂದು ಹಂತವೂ ಮುಂದಿನ ಹಂತಕ್ಕೆ ಒಂದು ಪರೀಕ್ಷೆಯಾಗಿತ್ತು. ಹೀಗೆ ಬೇರೆಡೆ ಗೆದ್ದ ಕಥೆ ಇಲ್ಲಿಯೂ ಗೆಲ್ಲಬಹುದೆಂಬ ನಂಬಿಕೆ ಚಿತ್ರೋದ್ಯಮದ ಮೊದಲ ಮಾನದಂಡವಾಯಿತು. ೧೯೩೯ರಲ್ಲಿ ಕೆ. ಸುಬ್ರಹ್ಮಣ್ಯಂ ನಿರ್ದೇಶಿಸಿದ ‘ತ್ಯಾಗಭೂಮಿ’ಯ ಸಂದರ್ಭದಲ್ಲಿ ಈ ಸಂಬಂಧ ಇನ್ನಷ್ಟು ನಿಕಟವಾಯಿತು. ಕಲ್ಕಿಯವರ ಕಥೆ ಚಿತ್ರವಾಗುತ್ತಿದ್ದ ಕಾಲದಲ್ಲಿಯೇ, ಚಿತ್ರದ ಸ್ಥಿರಚಿತ್ರಗಳೊಡನೆ, ‘ಆನಂದ ವಿಕಟನ್’ನಲ್ಲಿ ಧಾರಾವಾಹಿಯಾಗಿ ಪ್ರಕಟವಾಯಿತು. ಓದುಗನನ್ನು ಪ್ರೇಕ್ಷಕನನ್ನಾಗಿ ಮಾರ್ಪಡಿಸುವ ಪ್ರಯೋಗವಾಗಿ ಇದು ಮಹತ್ವದ್ದು.

೩

ಬೆಂಕಿಗೆ ತುತ್ತಾಗಿ ಹರಾಜಿಗೆ ಬಂದಿದ್ದ ಮೋಷನ್ ಪಿಕ್ಚರ್ ಪ್ರೊಡ್ಯೂಸರ್ಸ್ ಕಂಬೈನ್ಸ್ ಸ್ಟುಡಿಯೋವನ್ನು ವಾಸನ್ ೧೯೪೦ರಲ್ಲಿ ಕೊಂಡು ಅದಕ್ಕೆ ಜೆಮಿನಿ ಎಂದು ಹೆಸರಿಟ್ಟರು. ‘ಮದನ ಕಾಮರಾಜನ್’ (೧೯೪೧), ‘ನಂದನಾರ್’ (೧೯೪೨), ತೆಲುಗಿನ ‘ಬಾಲನಾಗಮ್ಮ’ (೧೯೪೨), ‘ಮಂಗಮ್ಮ ಶಪಥಂ’ (೧೯೪೩) ಮೊದಲಾದ ಆರಂಭದ ಚಿತ್ರಗಳ ಪಟ್ಟಿಯನ್ನು ಗಮನಿಸಿದರೆ ಅವುಗಳ ಕಥಾಮೂಲ ಬಹುಮಟ್ಟಿಗೆ ಜನಪದ ಕಥೆ, ಭಕ್ತಚರಿತ್ರೆ ಮತ್ತು ರಂಗಪರಂಪರೆಗೆ ಸೇರಿದ್ದೆಂಬುದು ತಿಳಿಯುತ್ತದೆ. ಪ್ರೇಕ್ಷಕನಿಗೆ ಪರಿಚಿತವಾದ ಕಥೆಗೆ ಅಪರಿಚಿತವಾದ ವೈಭವವನ್ನು ಜೋಡಿಸುವುದು ಈ ಘಟ್ಟದ ಧೋರಣೆ.

ಜೆಮಿನಿಯ ವೈಶಿಷ್ಟ್ಯವಿರುವುದು ಅದರ ಕಥಾವಿಭಾಗದಲ್ಲಿ. ಕೊತ್ತಮಂಗಲಂ ಸುಬ್ಬು, ಕೆ. ಜೆ. ಮಹಾದೇವನ್, ಸಂಗು ಸುಬ್ರಹ್ಮಣ್ಯಂ, ನೈನಾ, ವೇಪ್ಪತ್ತೂರು ಕಿಟ್ಟು ಮೊದಲಾದವರು ಸಂಬಳ ಪಡೆಯುವ ನೌಕರರಾಗಿ ಕಥೆ ಹುಡುಕುವ, ಹೇಳುವ, ತಿದ್ದುವ ಕೆಲಸದಲ್ಲಿ ತೊಡಗಿದ್ದರು. ಹರೀಂದ್ರನಾಥ ಚಟ್ಟೋಪಾಧ್ಯಾಯರಂತಹ ಕವಿಗಳೂ ಜೆಮಿನಿಯ ಆವರಣದಲ್ಲಿ ಕಾಣಿಸಿಕೊಂಡಿದ್ದರು. ೧೯೫೨ರಿಂದ ೧೯೬೬ರವರೆಗೆ ಅಲ್ಲಿ ಕೆಲಸ ಮಾಡಿದ ತಮಿಳು ಲೇಖಕ ಅಶೋಕಮಿತ್ರನ್ ತಮ್ಮ ನೆನಪುಗಳಲ್ಲಿ ಈ ಲೋಕವನ್ನು ತಿಳಿಹಾಸ್ಯದೊಂದಿಗೆ ಚಿತ್ರಿಸಿದ್ದಾರೆ. ಈ ವ್ಯವಸ್ಥೆಯಲ್ಲಿ ಕಥೆ ಮೊದಲು ಮೌಖಿಕ ನಿರೂಪಣೆಯಾಗಿರುತ್ತಿತ್ತು. ಕೇಳುವವರ ಮುಖಭಾವ, ಅವರ ನಗು, ಆಕಳಿಕೆ ಇವೇ ಮೊದಲ ವಿಮರ್ಶೆ. ಲಿಖಿತ ಚಿತ್ರಕಥೆ ಆ ಬಳಿಕದ್ದು. ಹರಿಕಥೆ, ಪುರಾಣ ಪ್ರವಚನಗಳ ಪರಂಪರೆಯಲ್ಲಿ ಕಥನಕಾರ ಕೇಳುಗರನ್ನು ಎದುರಿಗಿಟ್ಟುಕೊಂಡು ಕಥೆ ಬೆಳೆಸುವ ಕ್ರಮಕ್ಕೂ ಇದಕ್ಕೂ ಸಾಮ್ಯವಿದೆ. ವ್ಯತ್ಯಾಸವೆಂದರೆ, ಇಲ್ಲಿ ನಿರ್ಣಾಯಕ ಕೇಳುಗ ಒಬ್ಬನೇ, ಹಣ ಹೂಡುವವನು. ತಾನು ಸ್ವತಃ ಮೆಚ್ಚುವುದನ್ನು ಮಾತ್ರವಲ್ಲದೆ, ತನ್ನ ಮುಂದೆ ಇಲ್ಲದ ಲಕ್ಷಾಂತರ ಪ್ರೇಕ್ಷಕರು ಮೆಚ್ಚಬಹುದಾದುದನ್ನೂ ಅವನು ಊಹಿಸಬೇಕಾಗಿತ್ತು.

೪

ವಾಸನ್‌ರ ತೀರ್ಮಾನ ಕ್ರಮವನ್ನು ಅರಿಯಲು ‘ಚಂದ್ರಲೇಖಾ’ ಚಿತ್ರದ ನಿರ್ಮಾಣಕ್ಕಿಂತ ಉತ್ತಮ ನಿದರ್ಶನವಿಲ್ಲ. ‘ಬಾಲನಾಗಮ್ಮ’ ಮತ್ತು ‘ಮಂಗಮ್ಮ ಶಪಥಂ’ ಚಿತ್ರಗಳ ಯಶಸ್ಸಿನ ನಂತರ ಅವರು ಇನ್ನೂ ದೊಡ್ಡ ಪ್ರಮಾಣದ ಚಿತ್ರವೊಂದನ್ನು ಯೋಚಿಸಿದರು. ದುಷ್ಟ ದರೋಡೆಕೋರನೊಬ್ಬನನ್ನು ಉಪಾಯದಿಂದ ಸೋಲಿಸಿ, ಅವನ ಮೂಗು ಕೊಯ್ದು ಗಾಯಕ್ಕೆ ಖಾರದ ಪುಡಿ ತುಂಬುವ ಚಂದ್ರಲೇಖಾ ಎಂಬ ದಿಟ್ಟ ಹೆಣ್ಣಿನ ಕಥೆಯನ್ನು ಕಥಾವಿಭಾಗ ಮುಂದಿಟ್ಟಿತು. ಕಥೆಯ ಕ್ರೌರ್ಯ ಮತ್ತು ಅಸಹ್ಯ ವಾಸನ್‌ರಿಗೆ ಒಪ್ಪಿಗೆಯಾಗಲಿಲ್ಲ. ಕಥೆಯನ್ನು ತಳ್ಳಿಹಾಕಿದ ಅವರು ನಾಯಕಿಯ ಹೆಸರನ್ನು ಮಾತ್ರ ಉಳಿಸಿಕೊಂಡರು. ಅಷ್ಟೇ ಅಲ್ಲ, ಕಥೆ ಸಿದ್ಧವಾಗುವ ಮುನ್ನವೇ ಆ ಹೆಸರಿನ ಚಿತ್ರವನ್ನು ಘೋಷಿಸಿ ಪ್ರಚಾರಕ್ಕೂ ತೊಡಗಿದರು.

ಮೂರು ತಿಂಗಳು ಕಳೆದರೂ ಕಥಾವಿಭಾಗಕ್ಕೆ ತೃಪ್ತಿಕರವಾದ ಕಥೆ ದೊರೆಯಲಿಲ್ಲ. ಸಹನೆ ಕಳೆದುಕೊಂಡ ವಾಸನ್ ಈ ಯೋಜನೆಯನ್ನು ಕೈಬಿಟ್ಟು ‘ಔವೈಯಾರ್’ ಚಿತ್ರವನ್ನು ಕೈಗೆತ್ತಿಕೊಳ್ಳುವುದಾಗಿ ತಿಳಿಸಿ, ಕೊನೆಯದಾಗಿ ಒಂದು ವಾರದ ಗಡುವು ನೀಡಿದರು. ಆ ಅವಧಿಯಲ್ಲಿ ವೇಪ್ಪತ್ತೂರು ಕಿಟ್ಟು ಅವರ ಕಣ್ಣಿಗೆ ಬಿದ್ದದ್ದು ಜಿ. ಡಬ್ಲ್ಯು. ಎಂ. ರೆನಾಲ್ಡ್ಸನ ‘ರಾಬರ್ಟ್ ಮಕೇರ್’ ಕಾದಂಬರಿ. ಕತ್ತಲ ರಾತ್ರಿಯಲ್ಲಿ ದರೋಡೆಕೋರರು ಗಾಡಿಯೊಂದನ್ನು ತಡೆಯುವ ಅದರ ಆರಂಭದ ಸನ್ನಿವೇಶವೇ ಹೊಸ ಕಥೆಗೆ ಬೀಜವಾಯಿತು. ರೆನಾಲ್ಡ್ಸನ ಕೃತಿಗಳು ಅದಾಗಲೇ ತಮಿಳಿನ ಜನಪ್ರಿಯ ಕಾದಂಬರಿಕಾರರಿಗೆ ಆಕರವಾಗಿದ್ದವು ಎಂಬುದನ್ನು ಇಲ್ಲಿ ನೆನೆಯಬಹುದು. ಗ್ರಾಮದ ಹೆಣ್ಣು, ಅವಳನ್ನು ಪ್ರೀತಿಸುವ ರಾಜಕುಮಾರ, ಅವಳನ್ನೂ ರಾಜ್ಯವನ್ನೂ ಬಯಸುವ ಅವನ ತಮ್ಮ, ಈ ಮೂವರ ಸುತ್ತ ಕಥೆ ಬೆಳೆಯಿತು.

ಈ ಪ್ರಕ್ರಿಯೆಯಲ್ಲಿ ಮೂರು ಸಂಗತಿಗಳು ಗಮನಾರ್ಹ. ಮೊದಲನೆಯದಾಗಿ, ಕಥೆಯ ವಾಣಿಜ್ಯ ಸಾಧ್ಯತೆಯನ್ನು ವಾಸನ್ ಆಕರ್ಷಣೆಯಿಂದ ಮಾತ್ರ ಅಳೆಯಲಿಲ್ಲ. ಪ್ರೇಕ್ಷಕನನ್ನು ದೂರ ಮಾಡಬಹುದಾದ ಅಂಶವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಎರಡನೆಯದಾಗಿ, ಶೀರ್ಷಿಕೆಯು ಕಥೆಗಿಂತ ಮೊದಲೇ ಹುಟ್ಟಿತು. ಜಾಹೀರಾತಿನಿಂದ ಬದುಕು ಆರಂಭಿಸಿದವರು ಹೆಸರಿನ ಶಕ್ತಿಯನ್ನು ಕಥೆಯ ಶಕ್ತಿಯಿಂದ ಬೇರ್ಪಡಿಸಿ ನೋಡಿದ್ದು ಸಹಜವೇ. ಮೂರನೆಯದಾಗಿ, ಕಥೆ ಚಿತ್ರೀಕರಣ ಆರಂಭವಾದ ಮೇಲೂ ಮುಗಿದಿರಲಿಲ್ಲ. ಮೂಲ ಕಥೆಯಲ್ಲಿ ಇಲ್ಲದಿದ್ದ ಸರ್ಕಸ್ಸಿನ ಭಾಗ ನಡುವೆ ಸೇರಿತು. ನಿರ್ದೇಶಕ ಟಿ. ಜಿ. ರಾಘವಾಚಾರಿ ಹೊರನಡೆದ ಬಳಿಕ ವಾಸನ್ ತಾವೇ ನಿರ್ದೇಶನದ ಹೊಣೆ ಹೊತ್ತರು. ಅದು ಅವರ ಮೊದಲ ನಿರ್ದೇಶನ. ವೆಚ್ಚ ಸುಮಾರು ೩೦ ಲಕ್ಷ ರೂಪಾಯಿಗೆ ಏರಿತು. ಆಸ್ತಿಯನ್ನು ಅಡವಿಟ್ಟು, ಸಾಲ ಮಾಡಿ ಚಿತ್ರ ಮುಗಿಸಬೇಕಾಯಿತು.

೧೯೪೮ರ ಏಪ್ರಿಲ್‌ನಲ್ಲಿ ತಮಿಳು ಚಿತ್ರ ಬಿಡುಗಡೆಯಾಗಿ ಜನಮನ್ನಣೆ ಪಡೆಯಿತಾದರೂ ಅಷ್ಟು ದೊಡ್ಡ ವೆಚ್ಚವನ್ನು ತಮಿಳು ಮಾರುಕಟ್ಟೆಯೊಂದೇ ಹಿಂತಿರುಗಿಸುವಂತಿರಲಿಲ್ಲ. ವಾಸನ್ ಕೆಲವು ಮಾರ್ಪಾಡುಗಳೊಂದಿಗೆ ಹಿಂದಿ ಆವೃತ್ತಿಯನ್ನು ಸಿದ್ಧಪಡಿಸಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಅಪಾರ ಪ್ರಚಾರದೊಂದಿಗೆ ದೇಶದಾದ್ಯಂತ ಬಿಡುಗಡೆ ಮಾಡಿದರು. ನೂರಾರು ಕಲಾವಿದರು ಭಾರಿ ಡೋಲುಗಳ ಮೇಲೆ ಕುಣಿಯುವ ದೃಶ್ಯವೂ ದೀರ್ಘವಾದ ಕತ್ತಿವರಸೆಯೂ ಭಾಷೆಯ ನೆರವಿಲ್ಲದೆ ಅರ್ಥವಾಗುವಂಥವು. ಕಥೆಯನ್ನು ಅಳೆಯುವ ಮಾನದಂಡವೇ ಇಲ್ಲಿ ಬದಲಾಯಿತು. ಮಾತಿನಲ್ಲಿ ಹೇಳಿದಾಗ ಚೆನ್ನಾಗಿರುವ ಕಥೆಗಿಂತ ಮಾತು ಬದಲಾದರೂ ಕೆಡದ ಕಥೆ ದೊಡ್ಡ ಮಾರುಕಟ್ಟೆಗೆ ಒದಗುತ್ತದೆ ಎಂಬ ತಿಳಿವಳಿಕೆ ಮದರಾಸಿನ ಇತರ ನಿರ್ಮಾಪಕರಿಗೂ ದಾರಿ ತೋರಿತು.

೫

‘ಚಂದ್ರಲೇಖಾ’ದ ಗೆಲುವಿನೆದುರು ಮರೆತುಹೋಗುವ ಒಂದು ಸೋಲು ಕನ್ನಡದ ಓದುಗರಿಗೆ ಹೆಚ್ಚು ಹತ್ತಿರದ್ದು. ಮೈಸೂರಿನಲ್ಲಿ ನೆಲೆಸಿದ್ದ ಆರ್. ಕೆ. ನಾರಾಯಣ್ ಬರೆದ ಕಥೆಯನ್ನು ಆಧರಿಸಿ ಜೆಮಿನಿ ೧೯೪೭ರಲ್ಲಿ ‘ಮಿಸ್ ಮಾಲಿನಿ’ ಚಿತ್ರವನ್ನು ನಿರ್ಮಿಸಿತು. ಕೊತ್ತಮಂಗಲಂ ಸುಬ್ಬು ನಿರ್ದೇಶಿಸಿ, ಮಾತಿನ ಮೋಡಿಯಿಂದ ಎಲ್ಲರನ್ನೂ ಮರುಳು ಮಾಡುವ ಸಂಪತ್ತು ಎಂಬ ಪಾತ್ರವನ್ನೂ ವಹಿಸಿದರು. ಪುಷ್ಪವಲ್ಲಿ ಮಾಲಿನಿಯ ಪಾತ್ರದಲ್ಲಿದ್ದರು. ನಟಿಯೊಬ್ಬಳ ಏಳುಬೀಳುಗಳ ಮೂಲಕ ಚಿತ್ರರಂಗವನ್ನೇ ವ್ಯಂಗ್ಯಕ್ಕೊಳಪಡಿಸುವ ಈ ಚಿತ್ರವನ್ನು ವಿಮರ್ಶಕರು ಮೆಚ್ಚಿಕೊಂಡರು, ಗಲ್ಲಾಪೆಟ್ಟಿಗೆ ಮಾತ್ರ ಒಲಿಯಲಿಲ್ಲ. ವ್ಯಂಗ್ಯವನ್ನು ಸವಿಯಲು ಅದರ ಗುರಿಯಾದ ಲೋಕದ ಪರಿಚಯ ಬೇಕು. ಸಿನಿಮಾವನ್ನು ಇನ್ನೂ ಬೆರಗಿನಿಂದ ನೋಡುತ್ತಿದ್ದ ಪ್ರೇಕ್ಷಕನಿಗೆ ಅದರ ಒಳಗಿನ ಟೊಳ್ಳುತನ ರುಚಿಸದೆ ಹೋದುದು ಅಸಹಜವಲ್ಲ.

ನಾರಾಯಣ್ ೧೯೪೯ರಲ್ಲಿ ಪ್ರಕಟಿಸಿದ ‘ಮಿಸ್ಟರ್ ಸಂಪತ್’ ಕಾದಂಬರಿಯಲ್ಲಿ ಅದೇ ಪಾತ್ರ ಮಾಲ್ಗುಡಿಗೆ ಬಂದಿತು. ಪತ್ರಿಕೆಯ ಸಂಪಾದಕ ಶ್ರೀನಿವಾಸ್ ಸ್ಟುಡಿಯೋವೊಂದಕ್ಕಾಗಿ ಕಾಮದಹನದ ಪ್ರಸಂಗವನ್ನು ಚಿತ್ರಕಥೆಯಾಗಿ ಬರೆಯುತ್ತಾನೆ. ಅವನ ಕಲ್ಪನೆಯಲ್ಲಿ ಗಂಭೀರವಾಗಿದ್ದ ವಸ್ತು ಹಲವರ ಕೈ ಸೇರಿ ಬೇರೆಯೇ ಆಗುತ್ತದೆ. ಸ್ಟುಡಿಯೋದಲ್ಲಿ ಕಥೆಯನ್ನು ತೂಗುವ ಕ್ರಿಯೆ ಕಥೆಗಾರನ ಕಡೆಯಿಂದ ಹೇಗೆ ಕಾಣುತ್ತದೆ ಎಂಬುದಕ್ಕೆ ಈ ಕಾದಂಬರಿ ಒಂದು ಸಾಹಿತ್ಯಕ ದಾಖಲೆ. ವಾಸನ್ ೧೯೫೨ರಲ್ಲಿ ಇದೇ ವಸ್ತುವನ್ನು ‘ಮಿಸ್ಟರ್ ಸಂಪತ್’ ಎಂಬ ಹೆಸರಿನಲ್ಲಿ ಹಿಂದಿಯಲ್ಲಿ ತಾವೇ ನಿರ್ದೇಶಿಸಿದರು. ಮೋತಿಲಾಲ್ ಸಂಪತ್ತಿನ ಪಾತ್ರ ವಹಿಸಿದರು, ಪದ್ಮಿನಿ ನಾಯಕಿಯಾದರು. ಒಮ್ಮೆ ಸೋತ ಕಥೆಗೆ ಮರಳಿ ಹಣ ಹೂಡುವುದು ಶುದ್ಧ ಲೆಕ್ಕಾಚಾರದ ಮನುಷ್ಯನಿಂದ ನಿರೀಕ್ಷಿಸುವ ನಡೆಯಲ್ಲ. ಸೋತದ್ದು ಕಥೆಯಲ್ಲ, ಕಥೆಗೂ ಪ್ರೇಕ್ಷಕ ವರ್ಗಕ್ಕೂ ಇದ್ದ ಹೊಂದಾಣಿಕೆ ಎಂದು ಅವರು ಭಾವಿಸಿದ್ದಿರಬೇಕೆಂದು ಊಹಿಸಲು ಇಲ್ಲಿ ಅವಕಾಶವಿದೆ.

‘ಔವೈಯಾರ್’ (೧೯೫೩) ಇನ್ನೊಂದು ಬಗೆಯ ಅಪವಾದ. ಒಂದು ಕಾಲಕ್ಕೆ ‘ಚಂದ್ರಲೇಖಾ’ಕ್ಕೆ ಬದಲಿಯಾಗಿ ನೆನೆದಿದ್ದ ಈ ವಸ್ತುವನ್ನು ವಾಸನ್ ಕೈಬಿಡಲಿಲ್ಲ. ಪ್ರಣಯವಿಲ್ಲ, ತರುಣ ನಾಯಕನಿಲ್ಲ. ಕಥೆಯ ಕೇಂದ್ರದಲ್ಲಿ ಇರುವವಳು ಯೌವನವನ್ನೇ ತೊರೆದು ಮುಪ್ಪನ್ನು ಬೇಡಿ ಪಡೆದ ಕವಯಿತ್ರಿ. ರೂಢಿಯ ಯಾವ ಮಾನದಂಡದಿಂದಲೂ ಈ ಕಥೆ ಲಾಭದಾಯಕವೆನಿಸದು. ಆದರೆ ಕೆ. ಬಿ. ಸುಂದರಾಂಬಾಳ್ ಅವರ ಗಾಯನ, ತಮಿಳು ಮನೆಗಳಲ್ಲಿ ಮಕ್ಕಳು ಬಾಯಿಪಾಠ ಮಾಡುವ ಔವೈಯಾರಳ ನೀತಿವಾಕ್ಯಗಳ ಪರಿಚಯ ಮತ್ತು ಜೆಮಿನಿಯ ದೃಶ್ಯವೈಭವ ಇವು ಸೇರಿ ಚಿತ್ರ ದೊಡ್ಡ ಯಶಸ್ಸು ಗಳಿಸಿತು. ಪರಂಪರೆಯ ಸ್ಮೃತಿಯೂ ಒಂದು ಬಂಡವಾಳವೆಂಬುದನ್ನು ವಾಸನ್ ಅರಿತಿದ್ದರು.

೬

ಐವತ್ತರ ದಶಕದಿಂದ ಜೆಮಿನಿಯ ಆಯ್ಕೆಗಳಲ್ಲಿ ಪೂರ್ವಪರೀಕ್ಷಿತ ಕಥೆಗಳ ಪ್ರಮಾಣ ಹೆಚ್ಚುತ್ತದೆ. ತೆಲುಗಿನಲ್ಲಿ ೧೯೫೦ರಲ್ಲಿ ಗೆದ್ದ ‘ಸಂಸಾರಂ’ ಮರುವರ್ಷವೇ ಜೆಮಿನಿಯಿಂದ ತಮಿಳು ಮತ್ತು ಹಿಂದಿಗಳಲ್ಲಿ ಬಂದಿತು. ದಿಲೀಪ್ ಕುಮಾರ್ ಮತ್ತು ದೇವ್ ಆನಂದ್ ನಟಿಸಿದ ‘ಇನ್ಸಾನಿಯತ್’ (೧೯೫೫) ತೆಲುಗಿನ ‘ಪಲ್ಲೆಟೂರಿ ಪಿಲ್ಲ’ದ ಪುನರ್ನಿರ್ಮಾಣ. ಗಿರಣಿ ಕಾರ್ಮಿಕರ ಬದುಕನ್ನು ವಸ್ತುವಾಗಿಸಿಕೊಂಡ ‘ಪೈಗಾಮ್’ (೧೯೫೯) ಮರುವರ್ಷ ತಮಿಳಿನಲ್ಲಿ ‘ಇರುಂಬು ತಿರೈ’ಯಾಯಿತು. ಕನ್ನಡದ ಬಿ. ಸರೋಜಾದೇವಿ ಈ ಎರಡರಲ್ಲಿಯೂ, ಪಂಢರಿಬಾಯಿ ‘ಪೈಗಾಮ್’ನಲ್ಲಿಯೂ ನಟಿಸಿದ್ದಾರೆ. ಇನ್ನೊಂದೆಡೆ ಕಥಾವಿಭಾಗದ ಮಹತ್ವ ಕುಗ್ಗಿತು. ಒಡೆಯರು ಅದನ್ನು ಮುಚ್ಚಿದಾಗ, ಅಲ್ಲಿ ಕಾನೂನು ಸಲಹೆಗಾರನೆಂದು ಕುಳಿತಿದ್ದ ವಕೀಲನೂ ಕವಿಗಳ ಜೊತೆಗೇ ಕೆಲಸ ಕಳೆದುಕೊಂಡದ್ದನ್ನು ಅಶೋಕಮಿತ್ರನ್ ವಿನೋದದಿಂದ ದಾಖಲಿಸಿದ್ದಾರೆ. ಆ ವಿನೋದದ ಹಿಂದೆ ಒಂದು ಯುಗದ ಮುಕ್ತಾಯವಿದೆ. ಬೇರೆ ಭಾಷೆಯಲ್ಲಿ ಗೆದ್ದ ಚಿತ್ರವೇ ಸಿಗುವಾಗ, ಕಥೆ ಹುಟ್ಟುವವರೆಗೆ ತಿಂಗಳುಗಟ್ಟಲೆ ಸಂಬಳ ಕೊಟ್ಟು ಕಾಯುವ ಅಗತ್ಯ ಯಾರಿಗೂ ಉಳಿಯುವುದಿಲ್ಲ.

ಕೊತ್ತಮಂಗಲಂ ಸುಬ್ಬು ‘ಆನಂದ ವಿಕಟನ್’ನಲ್ಲಿ ಧಾರಾವಾಹಿಯಾಗಿ ಬರೆದ ‘ತಿಲ್ಲಾನಾ ಮೋಹನಾಂಬಾಳ್’ ೧೯೬೮ರಲ್ಲಿ ಚಿತ್ರವಾಗಿ ಅಪಾರ ಜನಪ್ರಿಯತೆ ಗಳಿಸಿತು. ಅದನ್ನು ನಿರ್ಮಿಸಿ ನಿರ್ದೇಶಿಸಿದವರು ಎ. ಪಿ. ನಾಗರಾಜನ್. ತಮ್ಮದೇ ಪತ್ರಿಕೆಯಲ್ಲಿ ಓದುಗರು ಒಪ್ಪಿದ, ತಮ್ಮದೇ ಸ್ಟುಡಿಯೋದ ಕಥೆಗಾರ ಬರೆದ ಕೃತಿ ಬೇರೆಯವರ ಕೈಯಲ್ಲಿ ತೆರೆಗೆ ಬಂದದ್ದನ್ನು ವಾಸನ್ ತಮ್ಮ ಕೊನೆಯ ವರ್ಷಗಳಲ್ಲಿ ಕಂಡರು. ರಾಜ್ಯಸಭೆಯ ಸದಸ್ಯರಾಗಿ, ಚಲನಚಿತ್ರ ಒಕ್ಕೂಟದ ಅಧ್ಯಕ್ಷರಾಗಿ ಸೇವೆ ಸಲ್ಲಿಸಿದ ಅವರಿಗೆ ೧೯೬೯ರಲ್ಲಿ ಪದ್ಮಭೂಷಣ ಸಂದಿತು. ಅದೇ ವರ್ಷ ಆಗಸ್ಟ್ ೨೬ರಂದು ಅವರು ನಿಧನರಾದರು.

೭

ವಾಸನ್‌ರ ಜೀವನ ಎತ್ತುವ ಪ್ರಶ್ನೆಗಳು ತಮಿಳು ಸಂದರ್ಭಕ್ಕೆ ಸೀಮಿತವಲ್ಲ. ಕನ್ನಡ ಚಿತ್ರರಂಗವೂ ಆರಂಭದಲ್ಲಿ ವೃತ್ತಿ ರಂಗಭೂಮಿ ಪರೀಕ್ಷಿಸಿ ಒಪ್ಪಿದ ಕಥೆಗಳನ್ನೇ ಆಶ್ರಯಿಸಿತು. ‘ಸದಾರಮೆ’ಯಿಂದ ‘ಬೇಡರ ಕಣ್ಣಪ್ಪ’ದವರೆಗೆ (೧೯೫೪) ನಾಟಕ ಕಂಪನಿಯ ಟಿಕೆಟ್ ಮಾರಾಟವೇ ಚಿತ್ರಕಥೆಗೆ ಅರ್ಹತಾ ಪತ್ರವಾಗಿತ್ತು. ಅರವತ್ತರ ದಶಕದಲ್ಲಿ ಆ ಸ್ಥಾನಕ್ಕೆ ಕಾದಂಬರಿಯ ಓದುಗರು ಬಂದರು. ಕೃಷ್ಣಮೂರ್ತಿ ಪುರಾಣಿಕರ ‘ಧರ್ಮದೇವತೆ’ ೧೯೬೨ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಆಯಿತು. ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು ಪುಟ್ಟಣ್ಣ ಕಣಗಾಲ್ ೧೯೬೭ರಲ್ಲಿ ತೆರೆಗೆ ತಂದರು. ಬಳಿಕ ಪುನರ್ನಿರ್ಮಾಣದ ಅಲೆ ಬಂದಾಗ ಈ ಅರ್ಹತೆಯನ್ನು ನೆರೆಭಾಷೆಯ ಗಲ್ಲಾಪೆಟ್ಟಿಗೆ ನೀಡತೊಡಗಿತು. ರಂಗಭೂಮಿ, ಓದುಗವರ್ಗ, ಪರಭಾಷಾ ಚಿತ್ರ ಎಂಬ ಈ ಕ್ರಮ ಜೆಮಿನಿಯ ಚರಿತ್ರೆಯೊಂದಿಗೆ ಬಹುಮಟ್ಟಿಗೆ ಹೊಂದುತ್ತದೆ. ಮೊದಲ ಎರಡು ಹಂತಗಳಲ್ಲಿ ತೀರ್ಪು ನೀಡುತ್ತಿದ್ದವರು ಆ ಭಾಷೆಯ ಜನರೇ. ಮೂರನೆಯ ಹಂತದಲ್ಲಿ ಅವರ ಪರವಾಗಿ ಬೇರೊಂದು ಭಾಷೆಯ ಜನ ತೀರ್ಪು ನೀಡಿರುತ್ತಾರೆ. ಕನ್ನಡದ ಕಥೆಗಾರನ ಪಾಲಿಗೆ ಈ ವ್ಯತ್ಯಾಸ ಸಣ್ಣದಲ್ಲ. ಅವನ ಕಥೆ ತಿರಸ್ಕೃತವಾಗುವುದಿರಲಿ, ಪರೀಕ್ಷೆಗೇ ಒಳಗಾಗುವುದಿಲ್ಲ.

ಒಟ್ಟಾರೆ ನೋಡಿದಾಗ, ವಾಸನ್‌ರನ್ನು ಸೂತ್ರಬದ್ಧ ಸಿನಿಮಾದ ಪ್ರವರ್ತಕರೆಂದು ಮಾತ್ರ ಕರೆಯುವುದು ಅಪೂರ್ಣ. ಗೆದ್ದದ್ದನ್ನು ಅನುಸರಿಸುವ ಎಚ್ಚರ ಮತ್ತು ಗೆಲ್ಲುವುದೋ ಇಲ್ಲವೋ ತಿಳಿಯದ್ದನ್ನು ಬೆನ್ನಟ್ಟುವ ಧೈರ್ಯ ಎರಡೂ ಅವರಲ್ಲಿದ್ದವು. ‘ಸಂಸಾರಂ’ ಮೊದಲನೆಯದಕ್ಕೆ ನಿದರ್ಶನವಾದರೆ, ‘ಚಂದ್ರಲೇಖಾ’, ‘ಔವೈಯಾರ್’, ‘ಮಿಸ್ ಮಾಲಿನಿ’ ಎರಡನೆಯದಕ್ಕೆ. ಅವರ ತಪ್ಪು ಊಹೆಗಳ ಬೆಲೆಯನ್ನು ಅವರೇ ತೆರಬೇಕಾಗಿದ್ದುದರಿಂದ, ಸರಿ ಊಹೆಗಳ ಹಿಂದೆ ಜನಜೀವನದ ನಿಕಟ ಪರಿಚಯವಿರುತ್ತಿತ್ತು. ಮದರಾಸಿನಲ್ಲಿ ಸ್ಟುಡಿಯೋ ಇಂದು ಉಳಿದಿಲ್ಲ, ೧೯೭೩ರಲ್ಲಿ ಅದರ ಬಳಿ ನಿರ್ಮಾಣವಾದ ಮೇಲುಸೇತುವೆಯನ್ನು ಜನ ಮಾತ್ರ ಈಗಲೂ ಜೆಮಿನಿಯ ಹೆಸರಿನಿಂದಲೇ ಗುರುತಿಸುತ್ತಾರೆ. ಸಾಹಿತ್ಯದ ಅಧ್ಯಯನಕಾರರಿಗೆ ಆ ಹೆಸರಿಗಿಂತ ಮುಖ್ಯವಾದುದು ಅಲ್ಲಿ ನಡೆದ ಕಥಾಪರೀಕ್ಷೆಯ ಚರಿತ್ರೆ. ತೆರೆಗೆ ಬಂದ ಕೃತಿಗಳ ಜೊತೆಗೆ ಬರಲಾರದೆ ಹೋದವುಗಳನ್ನೂ, ಅವುಗಳನ್ನು ತಡೆದ ಕಾರಣಗಳನ್ನೂ ಪರಿಶೀಲಿಸಿದಾಗಲೇ ಸಾಹಿತ್ಯ ಮತ್ತು ಸಿನಿಮಾಗಳ ಸಂಬಂಧದ ಅಧ್ಯಯನ ಪೂರ್ಣವಾಗುತ್ತದೆ.